"ತಾತ, ಹಲ್ಲು ತೆಗೆದು ತೋರಿಸಿ": ಪುಟ್ಟ ಮಕ್ಕಳು ನಮ್ಮ ಮಾನ ಕಳೆಯುವುದು ಹೇಗೆ, ಯಾಕೆ?

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಬಸ್ಸು. ಮಗಳಿಗೆ ಆಗ ಮೂರೂವರೆ ವರ್ಷ. ಪಕ್ಕದ ಸೀಟಿನಲ್ಲಿ ಬಿಳಿ ಷರ್ಟಿನ ಹಿರಿಯರೊಬ್ಬರು, ಮಡಿಲಲ್ಲಿ ಒದ್ದೆ ಕೊಡೆ. ಮಗುವನ್ನು ನೋಡಿ ನಕ್ಕರು. ಇವಳು ನಗಲಿಲ್ಲ, ಅವರ ಬಾಯಿಯನ್ನೇ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಇಡೀ ಬಸ್ಸಿಗೆ ಕೇಳುವ ಹಾಗೆ ಅಂದಳು: "ತಾತ, ಹಲ್ಲು ತೆಗೆದು ತೋರಿಸಿ."

ನಮ್ಮ ಮಾವನವರು ರಾತ್ರಿ ಮಲಗುವಾಗ ಹಲ್ಲಿನ ಸೆಟ್ಟು ತೆಗೆದು ಸ್ಟೀಲ್ ಲೋಟದ ನೀರಿನಲ್ಲಿ ಹಾಕಿಡುತ್ತಾರೆ. ಇವಳು ಅದನ್ನು ದಿನಾ ನೋಡುತ್ತಾಳೆ. ತಾತ ಅಂದ ಮೇಲೆ ಹಲ್ಲು ಕಳಚಲೇಬೇಕು, ಅದು ಅವಳ ಲೆಕ್ಕ. ಬಸ್ಸಿನ ತಾತ ತಟ್ಟನೆ ಬಾಯಿ ಮುಚ್ಚಿಕೊಂಡರು. ಮೂರ್ನಾಡು ಬರುವವರೆಗೂ ತೆರೆಯಲಿಲ್ಲ. ನಾನು ಕಿಟಕಿಯಾಚೆಯ ಕಾಫಿ ತೋಟವನ್ನು ಜನ್ಮದಲ್ಲಿ ಮೊದಲ ಸಲ ನೋಡುವವಳ ಹಾಗೆ ನೋಡುತ್ತಾ ಕೂತೆ.

ಜೂನ್ ಬಂದು ಅಂಗನವಾಡಿ, ಎಲ್‌ಕೆಜಿ ಬಾಗಿಲು ತೆರೆದರೆ ಇಂಥ ಕಥೆಗಳಿಗೆ ಬರವಿಲ್ಲ. ಮಳೆಯಲ್ಲಿ ಗೇಟಿನ ಹೊರಗೆ ಕೊಡೆ ಹಿಡಿದು ನಿಂತ ಅಮ್ಮಂದಿರು, ಅಜ್ಜಿಯಂದಿರು ಮಾತಾಡುವುದು ಇದನ್ನೇ. "ನಿನ್ನೆ ನನ್ನ ಮಾನ ತೆಗೆದುಬಿಟ್ಟ." "ಯಾರ ಹತ್ರ ಕಲಿತಳೋ." "ಎಲ್ಲಾ ಮೊಬೈಲಿಂದ." ಮನೆಯೊಳಗೇ ಬೆಳೆದ ಮಗು ಮೊದಲ ಸಲ ಹೊರಗಿನವರ ನಡುವೆ ಕೂರುವ ಕಾಲ ಅದು. ಮನೆಯ ಮಾತು ಬೀದಿಗೆ ಬರುವುದೂ ಆಗಲೇ. ನಾವು ಬೆಳೆಸಿದ್ದೇ ಸರಿಯಿಲ್ಲವೇನೋ ಅನ್ನುವ ಅನುಮಾನ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದವರು ಕೊಡುವ ಉತ್ತರ ಬೇರೆ. ಅದು ಬೆಳೆಸಿದ್ದರ ತಪ್ಪಿಗಿಂತ ಹೆಚ್ಚಾಗಿ ಬೆಳೆಯುವ ಕ್ರಮ.

ಒಂದೇ ಕೊಂಬೆ, ಮೂರು ಬಣ್ಣದ ಕಾಯಿ

ಅರೇಬಿಕಾ ಕಾಫಿ ಕೊಯ್ಲು ನೋಡಿದವರಿಗೆ ಈ ಕ್ರಮ ಬೇಗ ಅರ್ಥವಾಗುತ್ತದೆ. ಒಂದೇ ಕೊಂಬೆಯಲ್ಲಿ ಒಂದು ಹಣ್ಣು ಕೆಂಪು, ಪಕ್ಕದ್ದು ಹಳದಿ, ಅದರಾಚೆಯದ್ದು ಇನ್ನೂ ಹಸಿರು. ಎಲ್ಲವನ್ನೂ ಒಂದೇ ಸಲ ಕೊಯ್ಯಲು ಬರುವುದಿಲ್ಲ. ಹಣ್ಣಾದದ್ದನ್ನು ಆರಿಸಿಕೊಂಡು ಎರಡು ಮೂರು ಸುತ್ತು ಹೋಗಬೇಕು.

ಮಗುವಿನ ತಲೆಯೂ ಹಾಗೆಯೇ. ದೊಡ್ಡವರು ಬಸ್ಸಿನಲ್ಲಿ ಒಬ್ಬರನ್ನು ನೋಡಿ ಸುಮ್ಮನೆ ಕೂರುವುದಕ್ಕೆ ನಾಲ್ಕು ಕೆಲಸ ಒಟ್ಟಿಗೆ ನಡೆಯಬೇಕು. ಕಂಡದ್ದಕ್ಕೆ ಮಾತು ಸಿಗಬೇಕು. ಅದನ್ನು ಹೇಳಿದರೆ ಎದುರಿನವರಿಗೆ ಏನನ್ನಿಸುತ್ತದೆ ಅಂತ ಊಹಿಸಬೇಕು. ಬಾಯಿಗೆ ಬಂದದ್ದನ್ನು ತಡೆಯಬೇಕು. ಯಾವುದು ಹೇಳುವಂಥದ್ದು, ಯಾವುದು ಅಲ್ಲ ಅನ್ನುವ ಊರಿನ ನಿಯಮ ಗೊತ್ತಿರಬೇಕು. ಮಾತು ಇವುಗಳಲ್ಲಿ ಮೊದಲು ಹಣ್ಣಾಗುತ್ತದೆ. ಒಂದು ವರ್ಷದ ಸುಮಾರಿಗೆ ಮೊದಲ ಪದ, ಎರಡಕ್ಕೆ ಎರಡು ಪದ ಜೋಡಿಸುವುದು, ಮೂರಕ್ಕೆ ಸಣ್ಣ ಸಣ್ಣ ವಾಕ್ಯ. ಇನ್ನೊಬ್ಬರ ಮನಸ್ಸು ತಿಳಿಯುವುದು ನಾಲ್ಕರ ಆಸುಪಾಸಿನಲ್ಲಿ ಬಣ್ಣ ತಿರುಗುತ್ತದೆ. ತಡೆಯುವ ಶಕ್ತಿ ಇನ್ನೂ ಹಸಿರಾಗಿಯೇ ಇರುತ್ತದೆ.

ಮೂರರಿಂದ ಐದು ವರ್ಷದ ಮಗುವಿಗೆ ಹೀಗೆ ನಾಲಗೆ ಪೂರ್ತಿ ಬಂದಿರುತ್ತದೆ, ಉಳಿದದ್ದು ಅರ್ಧಂಬರ್ಧ. ನಮ್ಮ ಮುಖ ಕೆಂಪಾಗುವ ಕಥೆಗಳೆಲ್ಲ ಆ ನಡುವಿನ ವರ್ಷಗಳದ್ದು.

ಕೊಡಿದೆ, ಬರಿದೆ, ಬೀಳಿದೆ

ಮೊದಲು ನಾಲಗೆಯ ವಿಷಯ. ಮಕ್ಕಳು ಮಾತನ್ನು ಗಿಳಿಪಾಠದ ಹಾಗೆ ಕಲಿಯುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ನಿಜವಾಗಿ ಅವರು ಕೇಳಿದ್ದರಲ್ಲಿ ನಿಯಮ ಹುಡುಕುತ್ತಾರೆ. ನಾವು "ಹಾಡಿದೆ", "ಓಡಿದೆ", "ನೋಡಿದೆ" ಅನ್ನುತ್ತೇವೆ. ಮಗು ಇದನ್ನು ಕೇಳಿ, ಓಹೋ, ಕೊನೆಗೆ "ಇದೆ" ಸೇರಿಸಿದರೆ ಆಯಿತು ಅಂತ ಲೆಕ್ಕ ಹಾಕುತ್ತದೆ. ಆಮೇಲೆ "ಅಜ್ಜಿಗೆ ಕೊಡಿದೆ", "ನಾನು ಬರಿದೆ", "ಮೆಟ್ಟಿಲಿಂದ ಬೀಳಿದೆ" ಅನ್ನುತ್ತದೆ. ಮನೆಯಲ್ಲಿ ಯಾರೂ "ಬೀಳಿದೆ" ಅಂದಿರುವುದಿಲ್ಲ. ಅಂದರೆ ಅದು ಕೇಳಿ ಕಲಿತ ಮಾತಲ್ಲ, ಮಗು ತಾನೇ ಕಟ್ಟಿದ ಮಾತು. ತಪ್ಪಿರುವುದು ಭಾಷೆಯಲ್ಲಿ, ಮಗುವಿನ ಲೆಕ್ಕದಲ್ಲಲ್ಲ.

ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಇದನ್ನು ಒಂದು ಚಂದದ ಉಪಾಯದಿಂದ ತೋರಿಸಿದರು. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು, ಇದರ ಹೆಸರು "ವಗ್" ಅಂದರು. ಅಂಥ ಪದ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಎರಡು ಪ್ರಾಣಿ ತೋರಿಸಿ, ಈಗ ಇಲ್ಲಿ ಎರಡು ಏನಿದೆ ಅಂತ ಕೇಳಿದರೆ ಚಿಕ್ಕ ಮಕ್ಕಳು "ವಗ್ಸ್" ಅಂದರು. ಎಂದೂ ಕೇಳದ ಪದಕ್ಕೂ ಅವರ ಬಳಿ ಬಹುವಚನ ಸಿದ್ಧವಿತ್ತು.

ಪದಗಳಷ್ಟೇ ಅಲ್ಲ, ಲೋಕದ ಬಗ್ಗೆಯೂ ಮಕ್ಕಳು ಹೀಗೇ ನಿಯಮ ಮಾಡುತ್ತಾರೆ. ಒಂದೂವರೆ ವರ್ಷದ ಮಗು ಮೀಸೆ ಇದ್ದವರನ್ನೆಲ್ಲ "ಅಪ್ಪ" ಅನ್ನುವುದುಂಟು. ಅಪ್ಪನಿಗೆ ಮೀಸೆ ಇದೆ, ಇವರಿಗೂ ಇದೆ, ಸರಿ ಹೋಯಿತಲ್ಲ. ಜೊತೆಗೆ ಅಮ್ಮ ಇದ್ದರೆ, ನೋಡುವವರು ಕಣ್ಣಲ್ಲೇ ಪ್ರಶ್ನೆ ಕೇಳಿದರೆ, ಆ ಸಂಕಟ ಅನುಭವಿಸಿದವರಿಗೇ ಗೊತ್ತು. ಕೊಡವ ಮದುವೆಗಳಲ್ಲಿ ಕಪ್ಪು ಕುಪ್ಯ (ಉದ್ದನೆಯ ಸಾಂಪ್ರದಾಯಿಕ ಅಂಗಿ) ತೊಟ್ಟ ಗಂಡಸರ ಗುಂಪಿನಲ್ಲಿ ಪುಟ್ಟ ಮಗುವೊಂದು ಯಾರದೋ ಮೊಣಕಾಲು ತಬ್ಬಿಕೊಂಡು "ಅಪ್ಪಾ" ಅಂದು, ತಲೆ ಎತ್ತಿ ಮುಖ ನೋಡಿ ಚೀರಿದ್ದನ್ನು ನಾನೇ ನೋಡಿದ್ದೇನೆ. ಆ ಎತ್ತರದಿಂದ ನೋಡಿದರೆ ಎಲ್ಲರೂ ಒಂದೇ ಅಲ್ವಾ.

ಬಸ್ಸಿನ ತಾತನಿಗೂ ಆದದ್ದು ಇದೇ. ಮಗಳಿಗೆ ಗೊತ್ತಿದ್ದ ತಾತ ಒಬ್ಬರೇ. ಅವರ ಹಲ್ಲು ಕಳಚುತ್ತದೆ. ಒಂದೇ ಉದಾಹರಣೆಯಿಂದ ನಿಯಮ ಮಾಡಿದಳು, ಎರಡನೇ ತಾತ ಸಿಕ್ಕಾಗ ಪರೀಕ್ಷೆಗಿಟ್ಟಳು. ಕೆಣಕುವ ಉದ್ದೇಶ ಅಲ್ಲಿರಲಿಲ್ಲ.

ಹಾರ್ಲಿಕ್ಸ್ ಬಾಟಲಿಯಲ್ಲಿ ಕಾಳುಮೆಣಸು

ಎರಡನೆಯದು, ಇನ್ನೊಬ್ಬರ ತಲೆಯಲ್ಲಿ ಏನಿದೆ ಅನ್ನುವ ಊಹೆ. ದೊಡ್ಡವರಿಗೆ ಇದು ಉಸಿರಾಟದಷ್ಟು ಸಹಜವಾಗಿಬಿಟ್ಟಿದೆ. ಹಾಗಾಗಿ ಇದನ್ನೂ ಕಲಿಯಬೇಕಾಗುತ್ತದೆ ಅನ್ನುವುದೇ ನಮಗೆ ಹೊಳೆಯುವುದಿಲ್ಲ.

ಮೂರು ವರ್ಷದ ಮಗು ಫೋನಿನಲ್ಲಿ ಅಜ್ಜಿ "ಊಟ ಆಯ್ತಾ ಪುಟ್ಟಾ?" ಅಂದರೆ ಮಾತಾಡದೆ ತಲೆ ಅಲ್ಲಾಡಿಸುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಪರದೆಯ ಹಿಂದೆ ಮುಖ ಹುದುಗಿಸಿ, ಬೆನ್ನು ಪೂರ್ತಿ ಹೊರಗೆ ಬಿಟ್ಟು, ಅಡಗಿದೆ ಅಂದುಕೊಳ್ಳುತ್ತದೆ. ತನಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ, ತನಗೆ ಕಾಣದ್ದು ಯಾರಿಗೂ ಕಾಣುವುದಿಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಮಕ್ಕಳ ಮುಂದೆ ಮೂರು ಬೆಟ್ಟಗಳ ಮಾದರಿ ಇಟ್ಟು, ಆಚೆ ಕಡೆ ಕೂತ ಗೊಂಬೆಗೆ ಏನು ಕಾಣುತ್ತದೆ ಅಂತ ಕೇಳುತ್ತಿದ್ದರು. ಚಿಕ್ಕ ಮಕ್ಕಳು ತಮಗೆ ಕಾಣುವ ನೋಟವನ್ನೇ ಆರಿಸುತ್ತಿದ್ದರು. ತಡಿಯಂಡಮೋಳ್ ಬೆಟ್ಟ ಅದರ ಬುಡದ ಕಕ್ಕಬ್ಬೆಯಿಂದ ಒಂದು ಥರ, ದೂರದಿಂದ ಇನ್ನೊಂದು ಥರ ಕಾಣುತ್ತದೆ ಅನ್ನುವುದು ನಮಗೆ ಗೊತ್ತು. ಮಗುವಿಗೆ ಬೆಟ್ಟ ಅಂದರೆ ತಾನು ನಿಂತಲ್ಲಿಂದ ಕಾಣುವ ಬೆಟ್ಟ.

ಇದನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆಯನ್ನು 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಪ್ರಕಟಿಸಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಹಾಕುತ್ತಾಳೆ. ಅವನು ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೊದಲಿನ ಕಪಾಟಿನಲ್ಲಿ ಅನ್ನುತ್ತೇವೆ ನಾವು. ಮೂರು ವರ್ಷದವರು ಎರಡನೇ ಕಪಾಟು ಅನ್ನುತ್ತಾರೆ. ಚಾಕೊಲೇಟು ಇರುವುದು ಅಲ್ಲಿ ತಾನೇ? ಆ ಹುಡುಗನಿಗೆ ಅದು ಗೊತ್ತಿಲ್ಲ ಅನ್ನುವುದು ಅವರ ಲೆಕ್ಕಕ್ಕೇ ಬರುವುದಿಲ್ಲ.

1987ರಲ್ಲಿ ಬಂದ ಇನ್ನೊಂದು ಪರೀಕ್ಷೆಯನ್ನು ನೀವು ಅಡುಗೆಮನೆಯಲ್ಲೇ ಮಾಡಬಹುದು. ಅಲ್ಲಿ ಮಿಠಾಯಿ ಡಬ್ಬದಲ್ಲಿ ಪೆನ್ಸಿಲ್ ಇಟ್ಟಿದ್ದರು. ನಮ್ಮ ಮನೆಗಳಲ್ಲಿ ಡಬ್ಬದ ಮೇಲಿನ ಹೆಸರಿಗೂ ಒಳಗಿನ ಸಾಮಾನಿಗೂ ಸಂಬಂಧ ಇರುವುದೇ ಅಪರೂಪ, ಆದ್ದರಿಂದ ತಯಾರಿ ಬೇಕಿಲ್ಲ. ನಾನು ಹಾರ್ಲಿಕ್ಸ್ ಬಾಟಲಿಗೆ ಹೊರಗಿನ ಹೆಸರು ಕಾಣುವ ಹಾಗೆ ಒಳಗಿನಿಂದ ಕಾಗದ ಸುತ್ತಿ, ಕಾಳುಮೆಣಸು ತುಂಬಿ ಮಗಳಿಗೆ ಕೊಟ್ಟೆ. "ಏನಿದೆ?" "ಹಾರ್ಲಿಕ್ಸ್." ಮುಚ್ಚಳ ತೆಗೆದಳು. ಮೆಣಸು. ಮತ್ತೆ ಮುಚ್ಚಿ ಕೇಳಿದೆ: "ಈಗ ಅಪ್ಪ ಬರ್ತಾರೆ, ಅವರು ಇನ್ನೂ ಒಳಗೆ ನೋಡಿಲ್ಲ. ಏನಿದೆ ಅಂದ್ಕೋತಾರೆ?" "ಮೆಣಸು." "ನೀನು ಮೊದಲು ಏನು ಅಂದ್ಕೊಂಡಿದ್ದೆ?" ಒಂದು ಕ್ಷಣವೂ ತಡಮಾಡದೆ, "ಮೆಣಸು." ಅರ್ಧ ನಿಮಿಷದ ಹಿಂದಿನ ತನ್ನ ತಲೆಯೊಳಗೇ ಅವಳಿಗೆ ಹೋಗಲು ಬರಲಿಲ್ಲ. ಇನ್ನು ಬಸ್ಸಿನ ತಾತನ ತಲೆಯೊಳಗೆ ಹೋಗಿ, ಹಲ್ಲಿನ ಸೆಟ್ಟಿನ ಬಗ್ಗೆ ಅವರಿಗೆ ಮುಜುಗರ ಆಗಬಹುದು ಅಂತ ಹೇಗೆ ನೋಡಿಯಾಳು?

ನಾಲ್ಕು, ನಾಲ್ಕೂವರೆ ದಾಟುವಾಗ ಬಹುತೇಕ ಮಕ್ಕಳು ಈ ಪ್ರಶ್ನೆಗೆ ಸರಿ ಉತ್ತರ ಕೊಡತೊಡಗುತ್ತಾರೆ. ಅಣ್ಣ, ಅಕ್ಕ, ತಮ್ಮ, ತಂಗಿ ಇರುವ ಮನೆಯ ಮಕ್ಕಳು ಸ್ವಲ್ಪ ಬೇಗ ಕಲಿಯುತ್ತಾರೆ ಅಂತ ಕೆಲವು ಅಧ್ಯಯನಗಳು ತೋರಿಸಿವೆ. ದಿನವಿಡೀ ಜಗಳ, ಮೋಸ, ರಾಜಿ ನಡೆಯುತ್ತಿದ್ದರೆ ಎದುರಿನವರ ತಲೆ ಓದದೆ ಬದುಕುವುದು ಕಷ್ಟವೇ.

ಈ ವಯಸ್ಸಿನ ಮಗುವಿಗೆ ಗುಟ್ಟು ನಿಲ್ಲದ್ದೂ ಇದೇ ಕಾರಣಕ್ಕೆ. ಗುಟ್ಟು ಅಂದರೆ ನನಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ ಅನ್ನುವ ವ್ಯತ್ಯಾಸ. ಆ ವ್ಯತ್ಯಾಸವೇ ಕಾಣದಿದ್ದರೆ ಮುಚ್ಚಿಡುವುದು ಏನನ್ನು? ದಸರಾ ರಜೆಯಲ್ಲಿ ಮಡಿಕೇರಿಯಲ್ಲಿ ಮನೆ ಇದ್ದವರಿಗೆ ನೆಂಟರ ಕೊರತೆ ಇರುವುದಿಲ್ಲ. ನಮ್ಮ ಪಕ್ಕದ ಮನೆಗೆ ಮೈಸೂರಿನಿಂದ ಅತ್ತೆ ಸೋನ್ ಪಾಪಡಿ ಡಬ್ಬ ಹಿಡಿದು ಬಂದರು. ಆ ಮನೆಯ ಪುಟ್ಟ ಡಬ್ಬವನ್ನು ಗುರುತು ಹಿಡಿದು ಸಂಭ್ರಮದಿಂದ ಕೂಗಿದ: "ಅಮ್ಮಾ, ಇದನ್ನ ನಮ್ಮನೇಲಿ ಯಾರೂ ತಿನ್ನಲ್ವಲ್ಲ, ಬೀರುವಲ್ಲಿ ಇನ್ನೂ ಮೂರಿದೆ!"

ಆಟಿ ಪಾಯಸದ ಮಾರನೇ ದಿನ

ಈಗ ನಾಚಿಕೆಗೆ ಬರೋಣ. ಇದಕ್ಕೆ ಕೊಡಗಿನಷ್ಟು ಒಳ್ಳೆಯ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಕಕ್ಕಡ, ಅಂದರೆ ಆಟಿ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಇಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಅವತ್ತು ಈ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ನಂಬಿಕೆ. ಗಿಡದ ವೈಜ್ಞಾನಿಕ ಹೆಸರು ಜಸ್ಟಿಷಿಯಾ ವೈನಾಡೆನ್ಸಿಸ್. ಸೊಪ್ಪು ಕುದಿಸಿದರೆ ನೀರು ಗಾಢ ನೇರಳೆಗೆ ತಿರುಗುತ್ತದೆ. ತಿಂದ ಮೇಲೆ ಮೂತ್ರವೂ ಕೆಂಪಾಗುತ್ತದೆ. ಇಲ್ಲಿಯವರಿಗೆ ಇದು ಗೊತ್ತಿರುವ ವಿಷಯ. ಹೊರಗಿನಿಂದ ಬಂದವರು ಮಾತ್ರ ಬೆಳಗ್ಗೆ ಎದ್ದು ಗಾಬರಿಯಾಗುತ್ತಾರೆ.

ಹೋದ ವರ್ಷ ಮಗಳ ತರಗತಿಗೆ ಬಯಲುಸೀಮೆಯಿಂದ ಹೊಸದಾಗಿ ಬಂದ ಟೀಚರ್ ಇದ್ದರು. ಇವಳು ಹೋದವಳೇ ಬ್ಯಾಗು ಇಡುವ ಮೊದಲು ಹೇಳಿದ್ದು: "ಮಿಸ್, ನಂದು ಕೆಂಪು ಬಂತು. ಅಮ್ಮಂದು ಸ್ವಲ್ಪ ಕೆಂಪು. ಅಪ್ಪಂದು ಜಾಸ್ತಿ ಕೆಂಪು, ಅಪ್ಪ ಎರಡು ಸಲ ಪಾಯಸ ಹಾಕ್ಕೊಂಡ್ರು. ನಿಮ್ದು?"

ಇದರಲ್ಲಿ ನಾವು ಮೇಲೆ ನೋಡಿದ್ದು ಪೂರ್ತಿ ಇದೆ. ಟೀಚರಿಗೆ ಪಾಯಸದ ವಿಷಯವೇ ಗೊತ್ತಿಲ್ಲ ಅನ್ನುವ ಊಹೆ ಇಲ್ಲ. ಎರಡು ಸಲ ಹಾಕಿಕೊಂಡರೆ ಜಾಸ್ತಿ ಕೆಂಪು ಅನ್ನುವ ನಿಯಮ ಮಾತ್ರ ಇದೆ, ಅದೂ ಅಳತೆ ಸಮೇತ. ನಾಚಿಕೆ ಮಾತ್ರ ಎಲ್ಲೂ ಇಲ್ಲ. ಯಾಕಿಲ್ಲ?

ನಾಚಿಕೆಗೆ ಮೊದಲು "ನಾನು" ಅನ್ನುವುದು ಬೇಕು. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಸಂಶೋಧಕಿ ಮಕ್ಕಳ ಮೂಗಿಗೆ ಗೊತ್ತಾಗದ ಹಾಗೆ ಕೆಂಪು ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಟ್ಟರು. ತೀರಾ ಚಿಕ್ಕವರು ಕನ್ನಡಿಯ ಮಗುವಿನ ಜೊತೆ ಆಡಲು ಹೋದರು. ಒಂದೂವರೆಯಿಂದ ಎರಡು ವರ್ಷದೊಳಗೆ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳಲು ಶುರು ಮಾಡುತ್ತಾರೆ. ಕೆನ್ನೆಯ ದೃಷ್ಟಿಬೊಟ್ಟನ್ನು ಕನ್ನಡಿಯಲ್ಲಿ ನೋಡಿ ಒರೆಸಿಕೊಳ್ಳುವ ಮಗುವನ್ನು ನೀವು ನೋಡಿದ್ದರೆ, ಅದೂ ಇದೇ ಘಟ್ಟ. ಅದಾದ ಮೇಲೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂದರೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಸಂಕೋಚ ಬರುತ್ತದೆ. ನಾನು ನಿಯಮ ತಪ್ಪಿದೆ ಅನ್ನುವ ನಾಚಿಕೆ ಇನ್ನೂ ಆಮೇಲೆ, ಮೂರರ ಸುಮಾರಿಗೆ.

ಆದರೆ ನಿಯಮ ಗೊತ್ತಿದ್ದರೆ ತಾನೇ ತಪ್ಪುವುದು? ಮೂತ್ರದ ಬಣ್ಣದ ಬಗ್ಗೆ ಮನೆಯಲ್ಲಿ ಎಲ್ಲರೂ ನಕ್ಕು ಮಾತಾಡಿದ್ದರು. ಶಾಲೆಯಲ್ಲಿ ಮಾತಾಡಬಾರದು ಅಂತ ಯಾರೂ ಹೇಳಿರಲಿಲ್ಲ. ಒಂದು ಮಾತು ಅಡುಗೆಮನೆಯಲ್ಲಿ ಸರಿ, ತರಗತಿಯಲ್ಲಿ ತಪ್ಪು ಅನ್ನುವ ಗೆರೆ ಎಲ್ಲೂ ಬರೆದಿಟ್ಟಿಲ್ಲ. ಮಗು ಅದನ್ನು ಓದುವುದು ನಮ್ಮ ಮುಖದಲ್ಲಿ.

ಮುಖ ಓದುವುದು ಎಷ್ಟು ಬೇಗ ಶುರುವಾಗುತ್ತದೆ ಅನ್ನುವುದಕ್ಕೆ 1985ರ ಒಂದು ಪ್ರಯೋಗವಿದೆ. ಒಂದು ವರ್ಷದ ಮಕ್ಕಳನ್ನು ದಪ್ಪ ಗಾಜಿನ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ಒಂದು ಕಡೆ ಸುಮಾರು 30 ಸೆಂಟಿಮೀಟರ್ ಹಳ್ಳ ಕಾಣುತ್ತದೆ. ಆಚೆ ಬದಿಯಲ್ಲಿ ಅಮ್ಮ. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಮಾತು ಬಾರದ ಮಗುವಿಗೂ ಅಮ್ಮನ ಮುಖವೇ ದಾರಿಯ ಬೋರ್ಡು.

ಇಲ್ಲೇ ನಾವು ಎಡವುವುದು. ಮಗು ನೆಂಟರ ಮುಂದೆ ಹೂಸಿನ ಬಗ್ಗೆ ಏನೋ ಅಂದಾಗ ಅಮ್ಮ ಗದರಿಸುತ್ತಾಳೆ, ಅಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಾನೆ, ಅತ್ತೆ "ಇನ್ನೊಂದ್ಸಲ ಹೇಳು ಚಿನ್ನ" ಅನ್ನುತ್ತಾರೆ. ಮೂರು ಮುಖ, ಮೂರು ಬೋರ್ಡು. ಮಗು ಆರಿಸಿಕೊಳ್ಳುವುದು ನಗುವವರ ಮುಖವನ್ನು. ನಾಲ್ಕೈದು ವರ್ಷದವರಿಗೆ ಕಕ್ಕ, ಸುಸ್ಸು, ಹೂಸು ಅನ್ನುವ ಪದಗಳೇ ಮಹಾ ಹಾಸ್ಯ ಅನ್ನಿಸುವುದೂ ಇದರಿಂದಲೇ. ಒಂದು ಸಣ್ಣ ಪದ ಹೇಳಿದರೆ ಇಡೀ ಜಗಲಿ ಅಲ್ಲಾಡುತ್ತದೆ. ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ದೊಡ್ಡ ಪರಿಣಾಮ ಬೇರೆ ಯಾವ ಆಟಿಕೆಯಿಂದ ಸಿಗುತ್ತದೆ?

ಘಾಟಿಯಲ್ಲಿ ಬ್ರೇಕು

ಹೇಳಬಾರದು ಅಂತ ಗೊತ್ತಿದ್ದೂ ಹೇಳಿಬಿಡುವುದು ಬೇರೆಯೇ ಕಥೆ. ಸಂಪಾಜೆ ಘಾಟಿ ಇಳಿಯುವಾಗ ತಿರುವು ಇದೆ ಅಂತ ಗೊತ್ತಿದ್ದರೆ ಸಾಲದು, ಬ್ರೇಕು ಹಿಡಿಯಬೇಕು. ತಡೆಯುವ ಕೆಲಸದಲ್ಲಿ ಹಣೆಯ ಹಿಂದಿರುವ ಮೆದುಳಿನ ಮುಂಭಾಗಕ್ಕೆ ದೊಡ್ಡ ಪಾತ್ರವಿದೆ. ಅದು ಪೂರ್ತಿ ಬಲಿಯುವುದಕ್ಕೆ ಸುಮಾರು 25 ವರ್ಷ ಬೇಕು. ಹರೆಯದವರ ಬೈಕು ನೋಡಿದರೆ ಗೊತ್ತಾಗುತ್ತದೆ.

ಇದನ್ನೂ ಮನೆಯಲ್ಲಿ ಆಡಿ ನೋಡಬಹುದು. ಸೂರ್ಯನ ಚಿತ್ರ ತೋರಿಸಿದರೆ "ರಾತ್ರಿ" ಅನ್ನಬೇಕು, ಚಂದ್ರನ ಚಿತ್ರಕ್ಕೆ "ಹಗಲು" ಅನ್ನಬೇಕು. 1994ರಲ್ಲಿ ಅಮೆರಿಕದ ಸಂಶೋಧಕರು ಮೂರೂವರೆಯಿಂದ ಏಳು ವರ್ಷದ ಮಕ್ಕಳಿಗೆ ಈ ಆಟ ಕೊಟ್ಟರು. ನಿಯಮ ಚಿಕ್ಕವರಿಗೂ ಅರ್ಥವಾಗುತ್ತದೆ. ಆದರೂ ಸೂರ್ಯ ಕಂಡ ಕೂಡಲೇ ಬಾಯಿಗೆ "ಹಗಲು" ಬಂದುಬಿಡುತ್ತದೆ. ಗೊತ್ತಿರುವುದಕ್ಕೂ ತಡೆಯುವುದಕ್ಕೂ ನಡುವೆ ಇರುವ ದೂರ ಇದು. "ಅವರ ಮುಂದೆ ಬೊಕ್ಕತಲೆ ಅನ್ನಬೇಡ" ಅಂತ ನಾವು ಕಾರಿನಲ್ಲಿ ಹತ್ತು ಸಲ ಹೇಳಿಕೊಟ್ಟಾಗ ನಿಜವಾಗಿ ಆಗುವುದೇನು? ಮಗುವಿನ ತಲೆಯಲ್ಲಿ ಬೊಕ್ಕತಲೆ ಹತ್ತು ಸಲ ಕೂತಿರುತ್ತದೆ, ತಡೆಯುವ ಬ್ರೇಕು ಇನ್ನೂ ಬಂದಿರುವುದಿಲ್ಲ.

ಸುಳ್ಳು ಹೇಳುವುದಕ್ಕೂ ಈ ಬ್ರೇಕು ಬೇಕು. ಎದುರಿನವರಿಗೆ ಏನು ಗೊತ್ತಿಲ್ಲ ಅನ್ನುವ ಊಹೆಯೂ ಬೇಕು. ಹಾಗಾಗಿ ಪುಟ್ಟವರ ಸುಳ್ಳು ತಮಾಷೆಯಾಗಿರುತ್ತದೆ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳ ಬೆನ್ನ ಹಿಂದೆ ಗೊಂಬೆ ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಹೊರಗೆ ಹೋದರು. ಹೆಚ್ಚಿನವರು ತಿರುಗಿ ನೋಡಿದರು. ನೋಡಿದೆಯಾ ಅಂದರೆ ಇಲ್ಲ ಅಂದವರೂ ಬಹಳ. ಹಾಗಾದರೆ ಏನಿರಬಹುದು ಅಂತ ಕೇಳಿದಾಗ ಚಿಕ್ಕವರಲ್ಲಿ ಹೆಚ್ಚಿನವರು ಗೊಂಬೆಯ ಹೆಸರನ್ನೇ ಹೇಳಿ ಸಿಕ್ಕಿಬಿದ್ದರು. ನಮ್ಮ ಮನೆಯಲ್ಲಿ ಇದರ ರೂಪ ಹೀಗಿತ್ತು: "ನಾನು ಲಾಡು ಡಬ್ಬ ಮುಟ್ಟೇ ಇಲ್ಲ. ಅದರಲ್ಲಿ ಇನ್ನು ಎರಡೇ ಇದೆ."

ಒಳ್ಳೆಯ ಮನಸ್ಸಿನ ಸುಳ್ಳು, ಅಂದರೆ ಬೇಡದ ಉಡುಗೊರೆಗೂ "ಚೆನ್ನಾಗಿದೆ ಆಂಟಿ" ಅನ್ನುವುದು, ನಿಧಾನಕ್ಕೆ ಬರುತ್ತದೆ. ಕ್ಯಾರೊಲಿನ್ ಸಾರ್ನಿ 1984ರಲ್ಲಿ ಶಾಲೆ ಮಕ್ಕಳಿಗೆ ಒಳ್ಳೆಯ ಬಹುಮಾನದ ಆಸೆ ಹುಟ್ಟಿಸಿ, ತೀರಾ ಸಣ್ಣ ಮಕ್ಕಳ ಆಟಿಕೆ ಕೊಟ್ಟು ಮುಖ ನೋಡಿದರು. ದೊಡ್ಡವರು ನಗುವುದನ್ನು ಕಲಿತಿದ್ದರು. ಚಿಕ್ಕವರ ಮುಖದಲ್ಲಿ ನಿರಾಸೆ ಹಾಗೇ ಇತ್ತು.

"ತಾಯಿ ಎಲೆ ಅಡಿಕೆ ತಿಂತಾರೆ"

ಕೊಡಗಿನ ಮಗುವಿಗೆ ಇನ್ನೊಂದು ತಾಪತ್ರಯ ಉಂಟು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಪಕ್ಕದಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಬ್ಯಾರಿ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಯರವರ ಮಾತು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಮಕ್ಕಳು ಇದನ್ನೆಲ್ಲ ಸಲೀಸಾಗಿ ಕಲಿಯುತ್ತಾರೆ. ಬೇರೆ ಬೇರೆ ಭಾಷೆ ಬೆರೆಸಿ ಮಾತಾಡಿದರೆ ಮಗುವಿಗೆ ಗೊಂದಲವಾಗಿದೆ ಅಂತ ಹೆದರುವವರಿದ್ದಾರೆ. ಹೆದರುವ ಕಾರಣವಿಲ್ಲ, ಹಲವು ಭಾಷೆಯ ಊರುಗಳ ಮಕ್ಕಳೆಲ್ಲ ಹಾಗೆಯೇ ಬೆರೆಸುತ್ತಾರೆ.

ಎಡವಟ್ಟಾಗುವುದು ಒಂದೇ ಪದಕ್ಕೆ ಎರಡು ಅರ್ಥ ಇದ್ದಾಗ. ಕೊಡವ ತಕ್ಕ್‌ನಲ್ಲಿ ಅಮ್ಮನಿಗೆ "ಅವ್ವ", ಅಜ್ಜಿಗೆ "ತಾಯಿ" ಅನ್ನುತ್ತಾರೆ. ಮಗಳ ತರಗತಿಯಲ್ಲಿ ಟೀಚರ್ ಶುದ್ಧ ಕನ್ನಡದಲ್ಲಿ ಕೇಳಿದರು: "ನಿನ್ನ ತಾಯಿ ಏನು ಕೆಲಸ ಮಾಡುತ್ತಾರೆ?" ಕೊಡವ ಮನೆಯ ಹುಡುಗ ಎದ್ದು ನಿಂತು ಉತ್ತರಿಸಿದ: "ತಾಯಿ ಏನೂ ಕೆಲಸ ಮಾಡಲ್ಲ ಮಿಸ್. ಎಲೆ ಅಡಿಕೆ ತಿಂದು ಅಪ್ಪಂಗೆ ಬೈತಾರೆ." ಬ್ಯಾಂಕಿನಲ್ಲಿ ಕೆಲಸ ಮಾಡುವ ಅವನ ಅಮ್ಮ ಬಾಗಿಲಲ್ಲೇ ನಿಂತಿದ್ದರು, ಟಿಫಿನ್ ಡಬ್ಬ ಕೊಡಲು ಬಂದವರು.

ಬೈಗುಳದ್ದೂ ಹೀಗೆಯೇ. ಮಗುವಿಗೆ ಅದರ ಅರ್ಥ ಗೊತ್ತಿರುವುದಿಲ್ಲ, ರಾಗ ಗೊತ್ತಿರುತ್ತದೆ. ಜೀಪು ಕೆಸರಿನಲ್ಲಿ ಹೂತಾಗ ಡ್ರೈವರ್ ಅಂದ ಪದ ಅದು. ಮಾರನೇ ವಾರ ದೇವರ ಮನೆಯಲ್ಲಿ ಬೆಂಕಿಪೊಟ್ಟಣ ಒದ್ದೆಯಾಗಿ ಕಡ್ಡಿ ಹತ್ತದೆ ಹೋದಾಗ, ಅಜ್ಜಿಯ ಪಕ್ಕ ಕೂತ ಪುಟ್ಟ ಅದೇ ಪದವನ್ನು ಅದೇ ರಾಗದಲ್ಲಿ, ಅಷ್ಟೇ ಸರಿಯಾದ ಜಾಗದಲ್ಲಿ ಹಾಕಿದ. ಭಾಷಾ ಪಾಠದ ಲೆಕ್ಕದಲ್ಲಿ ಪೂರ್ತಿ ಅಂಕ ಕೊಡಬೇಕು.

ಆ ಹೊತ್ತಿಗೆ ಏನು ಮಾಡುವುದು?

ಮೊದಲು ಎದುರಿನವರ ಹತ್ತಿರ ನಾವೇ ಮಾತಾಡಬೇಕು. "ಮನೆಯಲ್ಲಿ ತಾತನ ಹಲ್ಲಿನ ಸೆಟ್ಟು ನೋಡಿದ್ದಾಳೆ, ಬೇಜಾರು ಮಾಡ್ಕೋಬೇಡಿ" ಅಂದರೆ ಸಾಕು, ಮುಕ್ಕಾಲು ಪಾಲು ಜನ ನಕ್ಕುಬಿಡುತ್ತಾರೆ. ಮಗುವಿಗೆ ಅಲ್ಲೇ ಹೊಡೆದರೆ ಅದು ಕಲಿಯುವುದು ತಾತ ಅಂದರೆ ಪೆಟ್ಟು ಅಂತ. ಎಲ್ಲರೂ ನಕ್ಕರೆ ಕಲಿಯುವುದು ನಾಳೆ ಮತ್ತೆ ಹೇಳಬೇಕು ಅಂತ. ಕಷ್ಟವೇ, ಆದರೂ ಮುಖ ಸಪ್ಪೆ ಇಟ್ಟುಕೊಳ್ಳುವುದು ಒಳ್ಳೆಯದು. ವಿವರಣೆ ಆಮೇಲೆ, ಇಬ್ಬರೇ ಇರುವಾಗ: "ನಿನ್ನ ಮೂಗು ಸೋರುತ್ತೆ ಅಂತ ಎಲ್ಲರ ಮುಂದೆ ಹೇಳಿದ್ರೆ ನಿಂಗೆ ಹೇಗಾಗುತ್ತೆ?" ಜೊತೆಗೆ ಏನು ಮಾಡಬೇಡ ಅನ್ನುವುದಕ್ಕಿಂತ ಏನು ಮಾಡು ಅಂತ ಹೇಳಿದರೆ ಮಗುವಿಗೆ ಸುಲಭ. "ಕೇಳ್ಬೇಕು ಅನ್ಸಿದ್ರೆ ನನ್ನ ಕಿವೀಲಿ ಕೇಳು." ಬ್ರೇಕು ಇಲ್ಲದ ಗಾಡಿಯನ್ನು ನಿಲ್ಲಿಸುವುದಕ್ಕಿಂತ ಬೇರೆ ದಾರಿಗೆ ತಿರುಗಿಸುವುದು ಸುಲಭ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಮಾನ ಉಳಿಸಿಕೊಳ್ಳಲು "ಮನೆ ಮಾತು ಯಾರಿಗೂ ಹೇಳಬಾರದು", "ಅದನ್ನೆಲ್ಲ ಮಾತಾಡಬಾರದು, ಛೀ" ಅಂತ ಒಟ್ಟಾರೆಯಾಗಿ ಬಾಯಿ ಹೊಲಿಯಬಾರದು. ಮಗುವಿನ ಮೈಯನ್ನು ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರೆ ಹೇಳಲು ಅದೇ ಬಾಯಿ ಬೇಕು. ಮೈಯ ಎಲ್ಲ ಭಾಗಗಳಿಗೂ ಹೆಸರು ಗೊತ್ತಿರಬೇಕು. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಬೇರೆ, ಹೆದರಿಸಿ ಇಡಿಸಿದ ಗುಟ್ಟು ಬೇರೆ, ಎರಡನೆಯದನ್ನು ಅಮ್ಮನಿಗೆ ಹೇಳಲೇಬೇಕು ಅಂತ ಮೂರು ವರ್ಷದಿಂದಲೇ ಹೇಳಿಕೊಡಬಹುದು. 2012ರ ಪೋಕ್ಸೋ ಕಾಯ್ದೆ ಇರುವುದು ಮಕ್ಕಳ ಇಂಥ ರಕ್ಷಣೆಗೇ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಇನ್ನು ವಾಟ್ಸ್‌ಆಪ್ ಸ್ಟೇಟಸ್. ಮಗು ಬಚ್ಚಲಲ್ಲಿ ಅಂದದ್ದನ್ನು ವಿಡಿಯೋ ಮಾಡಿ ಹಾಕುವವರು ನಮ್ಮಲ್ಲೂ ಜಾಸ್ತಿಯಾಗಿದ್ದಾರೆ. ಮೂರು ವರ್ಷಕ್ಕೆ ನಾಚಿಕೆ ಇಲ್ಲದ ಮಗುವಿಗೆ ಹತ್ತು ವರ್ಷಕ್ಕೆ ಇರುತ್ತದೆ, ವಿಡಿಯೋ ಆಗಲೂ ಇರುತ್ತದೆ. ನಾನು ಈಗ ನೋಟ್‌ಪುಸ್ತಕದಲ್ಲಿ ಬರೆದಿಡುತ್ತೇನೆ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಮೇಲಿನದ್ದು ಯಾವುದೂ ಕಾಯಿಲೆ ಅಲ್ಲ. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ಮರೆಯಾಗುತ್ತಾ ಬಂದರೆ, ಹೆಸರು ಕರೆದರೆ ತಿರುಗದಿದ್ದರೆ, ಮುಖ ನೋಡಿ ಒಡನಾಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮೊದಲು ಕಿವಿ ಪರೀಕ್ಷೆಯಾಗಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತಂಡ ಬರುವ ದಿನ ಯಾವುದು ಅಂತ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಬಹುದು.

ಮಗಳಿಗೆ ಈಗ ಐದು ತುಂಬಿದೆ. ಮೊನ್ನೆ ಅದೇ ದಾರಿಯ ಬಸ್ಸಿನಲ್ಲಿ ಪಕ್ಕಕ್ಕೆ ಇನ್ನೊಬ್ಬರು ತಾತ ಬಂದು ಕೂತರು. ಇವಳನ್ನು ನೋಡಿ ನಕ್ಕರು. ಇವಳು ಅವರ ಬಾಯಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಅವರ ಬಾಯಿ ನೋಡಿದಳು. ಆಮೇಲೆ ಎರಡೂ ಕೈಯಿಂದ ನನ್ನ ಕಿವಿ ಮುಚ್ಚುವ ಹಾಗೆ ಹಿಡಿದು, ಡ್ರೈವರಿಗೂ ಕೇಳುವಷ್ಟು ಮೆಲ್ಲಗೆ ಕೇಳಿದಳು: "ಅಮ್ಮಾ, ಈ ತಾತಂಗೆ ಹಲ್ಲು ತೆಗೆಯೋಕೆ ಬರುತ್ತಾ ಅಂತ ಕೇಳಬಾರದು ಅಲ್ವಾ?"